ಹೇಮಲತೆಗೊಂದು ಒಪ್ಪೋಲೆ

ಮದುವೆಯ ಕರೆಯೋಲೆ ಮನೆಗೆ ಬಂದರೆ ನೀವು ಮೊದಲು ಏನು ನೋಡುತ್ತೀರೋ ಕಾಣೆ. ಛತ್ರ ಎಲ್ಲಿ, ಮುಹೂರ್ತ ಯಾವಾಗ, ಆರತಕ್ಷತೆಯ ಊಟವೋ ಮುಹೂರ್ತದ ಊಟವೋ ಎಂದು ನೋಡುವುದು ಲೋಕರೂಢಿ. ನಾನು ಪೆನ್ಸಿಲ್ ಹುಡುಕುತ್ತೇನೆ. ಎಲ್ಲೋ ಒಂದು ಒತ್ತು ಬಿಟ್ಟುಹೋಗಿರುತ್ತದೆ, ವರನ ತಾತನ ಹೆಸರಿನಲ್ಲಿ ದೀರ್ಘ ತಪ್ಪಿರುತ್ತದೆ. ಗುರುತು ಹಾಕುವವರೆಗೂ ಕೈ ಸುಮ್ಮನಿರುವುದಿಲ್ಲ. ಕಾರ್ಡು ತಂದವರ ಎದುರಿಗೇ ತಿದ್ದಿ, ‘ಮಿಕ್ಕ ಕಾರ್ಡುಗಳಲ್ಲಾದರೂ ಸರಿಮಾಡಿಕೊಳ್ಳಿ’ ಎಂದು ವಾಪಸು ಕೊಟ್ಟು, ಅವರು ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದುಹೋದದ್ದೂ ಉಂಟು. ಔಷಧಿ ಅಂಗಡಿಯ ಬೋರ್ಡು, ಸಿಟಿ ಬಸ್ಸಿನ ಹಣೆಬರಹ, ಪಂಚಾಂಗ, ಯಾವುದನ್ನೂ ನಾನು ಬಿಟ್ಟವನಲ್ಲ. ನನ್ನ ಹೆಂಡತಿ ಗೌರಮ್ಮನ ಶಿವಗಣಾರಾಧನೆಯ ಕಾರ್ಡು ಅಚ್ಚಾಗಿ ಬಂದಾಗ, ಮನೆ ತುಂಬ ಅಳುವವರು ಕೂತಿರುವಾಗಲೇ ಕಿವಿಯ ಮೇಲಿಂದ ಪೆನ್ಸಿಲ್ ತೆಗೆದೆ. ಅವಳ ತಂಗಿ ನೋಡಿ, ‘ಭಾವ, ಅಕ್ಕ ಹೋಗಿದ್ದಾಳೆ ಕಣ್ರೀ. ಅದನ್ನಾದ್ರೂ ಸರಿಯಾಗಿ ಓದ್ಕೊಳ್ಳಿ’ ಅಂದಳು.

ಈ ಚಾಳಿ ಅಂಟಿದ್ದು ತುಪ್ಪದಿಂದ. ನಗಬೇಡಿ. ನಮ್ಮಪ್ಪ ಒಂದು ಮಠದ ಅಡಿಗೆಮನೆಯಲ್ಲಿ ಇದ್ದವರು. ಮಠದಲ್ಲಿ ಓದುವ ಹುಡುಗರ ಪಂಕ್ತಿಯಲ್ಲಿ ನನಗೂ ಒಂದು ಎಲೆ. ಊಟ ಬಡಿಸುವಾಗ ಒಬ್ಬ ಹುಡುಗ ನಿಂತು ಪುರಾಣ ಓದಬೇಕು, ಮಿಕ್ಕವರು ಕೇಳಬೇಕು. ತಪ್ಪು ಓದಿದವನ ಎಲೆಯ ಮುಂದೆ ತುಪ್ಪದ ಗಿಂಡಿ ನಿಲ್ಲದೆ ಮುಂದಕ್ಕೆ ಹೋಗುತ್ತಿತ್ತು. ತಪ್ಪು ಹಿಡಿದವನ ಎಲೆಗೆ ಆ ತುಪ್ಪವೂ ಬೀಳುತ್ತಿತ್ತು. ಬಡತನದ ಹುಡುಗನಿಗೆ ಇದಕ್ಕಿಂತ ದೊಡ್ಡ ವ್ಯಾಕರಣಶಾಲೆ ಬೇಕೆ? ಪುರಾಣದ ದೇವರು ಯಾರು, ದೈತ್ಯರು ಯಾರು, ಯಾರು ಯಾಕೆ ಅತ್ತರು, ಒಂದೂ ನನಗೆ ನೆನಪಿಲ್ಲ. ಅಕ್ಷರ ಎಲ್ಲಿ ಎಡವುತ್ತದೆ ಎಂದು ಕಿವಿ ನೆಟ್ಟಗೆ ಮಾಡಿಕೊಂಡು ಕೂತಿರುತ್ತಿದ್ದೆ. ಒಟ್ಟು ನನ್ನ ಓದು ಅಲ್ಲಿಂದ ಮುಂದಕ್ಕೂ ಹೀಗೇ ಆಯಿತು. ಅಕ್ಷರ ನೋಡಿದೆ, ಕಥೆ ನೋಡಲಿಲ್ಲ.

ಎಸ್ಸೆಸ್ಸೆಲ್ಸಿ ಆದಮೇಲೆ ಓದಿಸುವ ಶಕ್ತಿ ಅಪ್ಪನಿಗಿರಲಿಲ್ಲ. ಲಷ್ಕರ್ ಮೊಹಲ್ಲಾದ ಒಂದು ಅಚ್ಚುಕೂಟದಲ್ಲಿ ಪ್ರೂಫ್ ತಿದ್ದಲು ಸೇರಿದೆ. ಅಲ್ಲಿಯೇ ಹತ್ತಿರದ ವಠಾರದಲ್ಲಿ ಸಂಸಾರ ಹೂಡಿದೆ. ಅಚ್ಚಿನ ಮೊಳೆ ಜೋಡಿಸುವವರ ಸೀಸದ ವಾಸನೆ, ಟ್ರೆಡಲ್ ಮಿಷನ್ನಿನ ತಟಕ್ ತಟಕ್, ಮಸಿ ಒರೆಸಿದ ಸೀಮೆಎಣ್ಣೆ ಬಟ್ಟೆ, ಇವುಗಳ ನಡುವೆ ನನ್ನ ಮೀಸೆ ಬೆಳ್ಳಗಾಯಿತು. ನಾನೆಷ್ಟು ಹದ್ದಿನಕಣ್ಣಿನವನಾದರೂ ಪುಸ್ತಕ ಹೊಲಿಗೆಯಾಗಿ ಬಂದಮೇಲೆ ಒಂದಾದರೂ ತಪ್ಪು ಹಲ್ಲು ಕಿರಿಯುತ್ತಿತ್ತು. ಅದಕ್ಕೆ ಒಪ್ಪೋಲೆ ಎಂಬ ಪ್ರಾಯಶ್ಚಿತ್ತ ಇತ್ತು. ಈಗಿನವರು ನೋಡಿರಲಾರರು. ಅಂಗೈಯಗಲದ ಚೀಟಿಯಲ್ಲಿ ಒಂದು ಕಡೆ ‘ತಪ್ಪು’, ಇನ್ನೊಂದು ಕಡೆ ‘ಒಪ್ಪು’ ಎಂದು ಅಚ್ಚು ಹಾಕಿ ಕೊನೆಯ ಪುಟಕ್ಕೆ ಅಂಟಿಸುವುದು. ನನ್ನ ಮಗಳು ಗಿರಿಜೆ ಚಿಕ್ಕವಳಿದ್ದಾಗ ರಜೆಯ ದಿನ ಬಂದು ನನ್ನ ಪಕ್ಕ ಕೂತು ಗೋಂದು ಹಚ್ಚಿಕೊಡುತ್ತಿದ್ದಳು. ನಾನು ಅಂಟಿಸುತ್ತಿದ್ದೆ. ಒಬ್ಬ ಗ್ರಂಥಕರ್ತರು ಒಮ್ಮೆ, ‘ಹೋಗ್ಲಿ ಬಿಡಿ ಶಿವಲಿಂಗಯ್ಯ, ಬಿಡುಗಡೆ ದಿನ ಬಾಯಲ್ಲೇ ಹೇಳಿಬಿಡ್ತೀನಿ’ ಅಂದರು. ನಾನು ದೊಡ್ಡ ಪಂಡಿತನ ಹಾಗೆ, ‘ಅಚ್ಚಾಗಿದ್ದನ್ನ ಬಾಯಲ್ಲಿ ತಿದ್ದಕ್ಕಾಗಲ್ಲ ಸ್ವಾಮಿ, ಅಚ್ಚಲ್ಲೇ ತಿದ್ದಬೇಕು’ ಅಂದೆ. ಗಿರಿಜೆ ಗೋಂದಿನ ಬೆರಳು ಎತ್ತಿಕೊಂಡು ನನ್ನ ಮುಖವನ್ನೇ ನೋಡಿದಳು. ಅಪ್ಪ ಎಂದರೆ ಏನೋ ಬಹಳ ದೊಡ್ಡ ಮನುಷ್ಯ ಎಂದು ಅವಳು ಅಂದುಕೊಂಡಿದ್ದ ಕಾಲ ಅದು.

ತೊಂಬತ್ತರ ದಶಕ ಹುಟ್ಟುವ ಹೊತ್ತಿಗೆ ನಮ್ಮ ಅಚ್ಚುಕೂಟದ ಸಾಹುಕಾರರು ಪಿಯುಸಿ ಮಕ್ಕಳ ಗೈಡು ಹಾಕಲು ಶುರುಮಾಡಿದರು. ಹೊದಿಕೆಯ ಮೇಲೆ ಒಬ್ಬ ಪ್ರಾಧ್ಯಾಪಕರ ಹೆಸರು. ಒಳಗಿನ ಸಾಮಾನೆಲ್ಲ ಈ ಎಸ್ಸೆಸ್ಸೆಲ್ಸಿಯದು. ಹೆಸರು ಕೊಟ್ಟವರು ಹೆಸರಷ್ಟೇ ಕೊಟ್ಟಿದ್ದರು. ಆ ವರ್ಷ ಒಂದು ಹಳೆಯ ಕಾದಂಬರಿ ಪಠ್ಯವಾಯಿತು. ಅದರ ಹೆಸರು ಬೇಡ. ಅದನ್ನು ಓದದೆ ಪಾಸಾದವರು ಈ ಊರಿನಲ್ಲಿ ಬೇಕಾದಷ್ಟು ಜನ ಇದ್ದಾರೆ, ಸುಮ್ಮನೆ ಮುಜುಗರ. ನಮ್ಮ ತಾತಂದಿರ ಕಾಲದ ಪ್ರಸಿದ್ಧ ಕೃತಿ. ಹೇಮಲತೆ ಎಂಬುವಳು ಬಡ ಸಂಗೀತ ಮೇಷ್ಟ್ರ ಮಗಳು. ರಾಘವನೆಂಬ ಗುಮಾಸ್ತನನ್ನು ಪ್ರೀತಿಸುತ್ತಾಳೆ. ಕೊನೆಗೆ ಮುತ್ತು ರತ್ನದ ವ್ಯಾಪಾರಿಯೊಬ್ಬನನ್ನು ಮದುವೆಯಾಗಿ ಅವನ ಸಾರೋಟು ಹತ್ತುತ್ತಾಳೆ. ಪೇಟೆಗೆ ಹೊಸ ಪ್ರತಿ ಇನ್ನೂ ಬಂದಿರಲಿಲ್ಲ. ಬೇರೆಯವರ ಗೈಡು ಬರುವುದರೊಳಗೆ ನಮ್ಮದು ಬರಬೇಕು ಎಂದು ಸಾಹುಕಾರರು ಹಳೇ ಪುಸ್ತಕದ ಅಂಗಡಿಯಿಂದ ಒಂದು ಪ್ರತಿ ತಂದುಕೊಟ್ಟರು. ಅದರ ಬೆನ್ನು ಬಿಟ್ಟುಹೋಗಿತ್ತು. ಕಥೆ ಹೇಮಲತೆ ಸಾರೋಟು ಹತ್ತುವಲ್ಲಿಗೆ ನಿಂತಿತ್ತು. ಮುಂದಿನ ಪುಟಗಳು ಯಾರ ಮನೆಯ ಒಲೆ ಸೇರಿದ್ದವೋ.

‘ಕೊನೆ ಪುಟಗಳೇ ಇಲ್ಲ ಸಾವ್ಕಾರ್ರೇ’ ಅಂದೆ.

‘ಹತ್ತಿದ್ಲಲ್ಲ ಸಾರೋಟು, ಇನ್ನೇನ್ರೀ ಆಗ್ತದೆ? ದುಡ್ಡು ನೋಡಿ ಹೋದವಳು ಕೊನೇಲಿ ಅಳ್ತಾಳೆ. ಬರೀರಿ’ ಅಂದರು ಸಾಹುಕಾರರು.

ಬರೆದೆ. ಪಾತ್ರ ಪರಿಚಯ ಬರೆಯುವುದಕ್ಕೆ ನನ್ನ ಬಳಿ ಒಂದು ಪಾಕ ಇತ್ತು. ಮೊದಲು ಆ ಪಾತ್ರ ಯಾರ ಮಗ ಯಾರ ಮಗಳು ಎಂದು ಹೇಳಬೇಕು. ಆಮೇಲೆ ಒಂದು ಗುಣ, ಒಂದು ದೋಷ. ಕೊನೆಯಲ್ಲಿ ಮಕ್ಕಳು ಗಟ್ಟಿಮಾಡಲು ಅನುಕೂಲವಾಗುವಂಥ, ಸ್ವಲ್ಪ ಗಂಟೆ ಬಾರಿಸಿದ ಹಾಗಿರುವ ಒಂದು ವಾಕ್ಯ. ಮನುಷ್ಯ ಎಷ್ಟೇ ತೊಡಕಿನವನಾಗಿರಲಿ, ಅರ್ಧ ಪುಟಕ್ಕೆ ಅವನನ್ನು ಮಡಿಸಿ ಇಡಬಹುದು ಎಂಬ ಧೈರ್ಯ ನನಗಿತ್ತು. ರಾಘವನನ್ನು ತ್ಯಾಗಮೂರ್ತಿ ಎಂದೆ. ಹೇಮಲತೆಗೆ ಈ ವಾಕ್ಯ ಕೊಟ್ಟೆ: ‘ಧನದ ತಕ್ಕಡಿಯಲ್ಲಿ ಪ್ರೇಮವನ್ನಿಟ್ಟು ತೂಗಿ, ಪ್ರೇಮವೇ ಹಗುರವೆಂದು ಎಸೆದವಳು ಹೇಮಲತೆ.’ ಬರೆದು ಎರಡು ಸಲ ಜೋರಾಗಿ ಓದಿಕೊಂಡೆ. ಮೊಳೆ ಜೋಡಿಸುವವನೂ ಕೈ ನಿಲ್ಲಿಸಿ ತಲೆದೂಗಿದ. ಅವಳ ಅಪ್ಪ ಸಂಗೀತ ಮೇಷ್ಟ್ರನ್ನು ‘ಇತರ ಪಾತ್ರಗಳು’ ಎಂಬ ತಲೆಬರಹದ ಕೆಳಗೆ ಹಾಕಿ ಒಂದೇ ಸಾಲಿನಲ್ಲಿ ಮುಗಿಸಿದೆ. ‘ಅಸಹಾಯಕನಾದ, ಪುತ್ರಿವತ್ಸಲನಾದ ತಂದೆ.’

ಗೈಡು ಬಿಸಿ ದೋಸೆಯಂತೆ ಹೋಯಿತು. ನಮ್ಮ ಮೊಹಲ್ಲಾದಲ್ಲೇ ಸಂಜೆ ಹೊತ್ತು ಮನೆಮನೆಯಿಂದ ಹುಡುಗ ಹುಡುಗಿಯರು ಧನದ ತಕ್ಕಡಿ, ಧನದ ತಕ್ಕಡಿ ಎಂದು ಉರುಹೊಡೆಯುವುದು ಬೀದಿಗೆ ಕೇಳುತ್ತಿತ್ತು. ನಾನು ಅಂಗಿಯ ತೋಳು ಸರಿಮಾಡಿಕೊಂಡು ನಿಧಾನವಾಗಿ ನಡೆಯುತ್ತಿದ್ದೆ.

ಗಿರಿಜೆ ಪಿಯುಸಿಗೆ ಬಂದಾಗಲೂ ಅದೇ ಪಠ್ಯ ಇತ್ತು. ಅವಳಿಗೆ ಗೈಡು ಬೇಕಾಗಿರಲಿಲ್ಲ. ಕಾಲೇಜಿನ ಲೈಬ್ರರಿಯಿಂದ ಪೂರ್ತಿ ಪುಸ್ತಕ ತಂದು ಓದಿ, ಒಂದು ಮಧ್ಯಾಹ್ನ ನನ್ನ ಊಟದ ಕ್ಯಾರಿಯರ್ ಜೊತೆ ಅದನ್ನೂ ಹಿಡಿದುಕೊಂಡು ಅಚ್ಚುಕೂಟಕ್ಕೆ ಬಂದಳು.

‘ಅಪ್ಪ, ಈ ಗೈಡು ಯಾರು ಬರೆದಿದ್ದು?’

‘ಹೊದಿಕೆ ಮೇಲಿದೆಯಲ್ಲ.’

‘ಅಮ್ಮ ಹೇಳಿದ್ಲು, ನೀವೇ ಅಂತ. ನೀವು ಕೊನೆ ಎರಡು ಅಧ್ಯಾಯ ಓದೇ ಇಲ್ಲ ಅಲ್ವಾ?’

ನಾನು ತುತ್ತು ಬಾಯಿಗಿಟ್ಟುಕೊಂಡೆ. ಉತ್ತರ ಕೊಡದಿರಲು ಅದಕ್ಕಿಂತ ಒಳ್ಳೆಯ ಉಪಾಯವಿಲ್ಲ.

ಅವಳು ಆ ಪುಟಗಳನ್ನು ತೆಗೆದು ನನ್ನ ತಟ್ಟೆಯ ಪಕ್ಕ ಇಟ್ಟಳು. ಓದಿದೆ. ಅಷ್ಟು ವರ್ಷವಾದಮೇಲೆ, ಮೊಸರನ್ನ ಕಲಸಿದ ಕೈಯನ್ನು ದೂರ ಹಿಡಿದುಕೊಂಡು. ಸಂಗೀತ ಮೇಷ್ಟ್ರಿಗೆ ಆ ರತ್ನದ ವ್ಯಾಪಾರಿ ಒಂದು ಸಂಗೀತಶಾಲೆ ಕಟ್ಟಿಸಿಕೊಡುತ್ತೇನೆ ಎಂದಿದ್ದ. ಮೇಷ್ಟ್ರು ರಾಘವನ ಬಳಿ ಹೋಗಿ, ನನ್ನ ಮಗಳಿಗೆ ಸಿರಿವಂತಿಕೆ ಬೇಕಂತೆ ಅಂದರು. ಮಗಳ ಬಳಿ ಬಂದು, ರಾಘವನಿಗೆ ನೀನು ಬೇಡವಂತೆ ಅಂದರು. ಇಬ್ಬರೂ ನಂಬಿದರು. ಬಹಳ ಕಾಲದ ಮೇಲೆ ರಾಘವ ಅವಳಿಗೆ ಎದುರು ಸಿಕ್ಕಿ ಕೇಳುತ್ತಾನೆ, ಯಾಕೆ ಹೋದೆ ಎಂದು. ಅಷ್ಟು ಹೊತ್ತಿಗೆ ಅವಳಿಗೆ ಎಲ್ಲ ತಿಳಿದಿರುತ್ತದೆ. ಆದರೂ ಅಪ್ಪನ ಹೆಸರು ಹೇಳುವುದಿಲ್ಲ. ನನ್ನ ಇಷ್ಟ, ಹೋದೆ, ಎನ್ನುತ್ತಾಳೆ. ಕಥೆ ಅಲ್ಲಿಗೆ ಮುಗಿಯುತ್ತದೆ.

‘ಈಗ ಹೇಳಿ, ಅವಳು ತಕ್ಕಡೀಲಿ ಏನು ತೂಗಿದ್ಲು?’ ಅಂದಳು ಗಿರಿಜೆ.

‘ಪರೀಕ್ಷೇಲಿ ಗೈಡಲ್ಲಿ ಇದ್ದಂಗೆ ಬರಿ. ತಿದ್ದೋರು ಅದನ್ನೇ ನೋಡಿ ತಿದ್ದೋದು.’

‘ಮುಂದಿನ ಅಚ್ಚಲ್ಲಿ ಒಪ್ಪೋಲೆ ಅಂಟಿಸ್ತೀರಾ?’

‘ಗೈಡಿಗೆ ಯಾರೂ ಒಪ್ಪೋಲೆ ಅಂಟಿಸಲ್ಲ ಕಣಮ್ಮ.’

ಅವಳು ಪರೀಕ್ಷೆಯಲ್ಲಿ ಪುಸ್ತಕದಲ್ಲಿ ಇದ್ದಂತೆ ಬರೆದಳು. ಕನ್ನಡದಲ್ಲೇ ಎಲ್ಲಕ್ಕಿಂತ ಕಡಿಮೆ ಅಂಕ ಬಂತು. ನಾನು, ‘ನೋಡ್ದಾ’ ಅಂದೆ. ಎಂಥ ಗೆಲುವು ನನ್ನದು.

ಅವತ್ತು ಮಧ್ಯಾಹ್ನ ಅಚ್ಚುಕೂಟದಲ್ಲಿ ನಮ್ಮ ಮಾತು ಕೇಳಿಸಿಕೊಂಡವನು ಇನ್ನೊಬ್ಬನಿದ್ದ. ಮಾದೇವ. ಉದಯಗಿರಿಯ ಒಂದು ಲೇತ್ ಷಾಪಿನವನು. ನಂಜನಗೂಡು ಕಡೆಯ ಒಕ್ಕಲು ಮನೆತನ. ನಮ್ಮ ಟ್ರೆಡಲ್ ಕೆಟ್ಟಾಗಲೆಲ್ಲ ಅವನೇ ಬರಬೇಕು. ಮಿಷನ್ನಿನ ಕೆಳಗೆ ಅಂಗಾತ ಮಲಗಿ, ಮುಖಕ್ಕೆ ಗ್ರೀಸು ತೊಟ್ಟಿಕ್ಕುತ್ತಿದ್ದರೂ, ಗಿರಿಜೆ ಹೇಳುವ ಕಥೆಗೆ ಹೂಂಗುಟ್ಟುತ್ತಿದ್ದ.

‘ಆ ರಾಘವ ಬೆಪ್ ನನ್ಮಗ ಕಣ್ರೀ’ ಅಂದ ಕೆಳಗಿನಿಂದಲೇ. ‘ಅವರಪ್ಪ ಹೇಳ್ದ ಅಂತ ನಂಬ್ಬುಟ್ನಾ? ಕಾಲಿರ್ಲಿಲ್ವಾ? ನಡ್ಕೊಂಡು ಹೋಗಿ ಅವಳನ್ನೇ ಕೇಳ್ಬಾರ್ದಿತ್ತಾ?’

‘ನೀವಾಗಿದ್ರೆ ಕೇಳ್ತಿದ್ರಾ?’ ಅಂದಳು ಗಿರಿಜೆ.

‘ಕೇಳ್ದೆ ಬುಡ್ತೀನಾ? ಆ ಸ್ಪ್ಯಾನರ್ ಕೊಡಿ ಇತ್ಲಾಗೆ.’

ಸ್ಪ್ಯಾನರ್ ಕೊಟ್ಟಳು. ಅದನ್ನು ಕೊಡಲು ಅಷ್ಟು ಹೊತ್ತು ಬೇಕಿರಲಿಲ್ಲ. ನನಗೆ ಗೊತ್ತಾಯಿತು. ಗೌರಮ್ಮನಿಗೆ ನನಗಿಂತ ಮುಂಚೆಯೇ ಗೊತ್ತಿತ್ತು. ‘ಒಳ್ಳೆ ಹುಡುಗ ಕಣ್ರೀ, ಮೈಬಗ್ಗಿಸಿ ದುಡೀತಾನೆ. ನಿಮ್ಮ ಮಠದೋರು ಏನಂದ್ರೂ ನಾ ನೋಡ್ಕೊತೀನಿ’ ಎಂದು ಅವಳು ಸೊಪ್ಪು ಬಿಡಿಸುತ್ತಾ ಹೇಳಿದ್ದಳು. ನಾನೂ ಒಲ್ಲೆ ಎಂದಿರಲಿಲ್ಲ. ಜಾತಿ ಅಡ್ಡ ಬಂತು ಎಂದು ಹೇಳಿದರೆ ಈಗ ನನಗೆ ಸ್ವಲ್ಪ ಮರ್ಯಾದೆಯಾದರೂ ಉಳಿಯುತ್ತಿತ್ತೇನೋ. ಅದೂ ಅಲ್ಲ.

ಅಡ್ಡ ಬಂದದ್ದು ಒಂದು ಕುರ್ಚಿ.

ಸಾಹುಕಾರರಿಗೆ ಜಯಲಕ್ಷ್ಮಿಪುರಂನಲ್ಲಿ ಒಬ್ಬರು ಅಕ್ಕ. ಕಾಗದ, ನೋಟ್‌ಬುಕ್ಕಿನ ಸಗಟು ವ್ಯಾಪಾರದ ಮನೆ, ಮುಂದೆ ಕಾರು, ಹಿಂದೆ ತೋಟ. ಅಕ್ಕನ ಮಗನಿಗೆ ನಮ್ಮ ಜನದ ಹುಡುಗಿ ನೋಡುತ್ತಿದ್ದರು. ಸಾಹುಕಾರರು ಒಂದು ಬೆಳಿಗ್ಗೆ ನನ್ನನ್ನು ಒಳಕೋಣೆಗೆ ಕರೆದು, ಎದುರಿಗೆ ಕೂರಿಸಿಕೊಂಡರು. ಅಷ್ಟು ವರ್ಷದಲ್ಲಿ ನಾನು ಆ ಕೋಣೆಯಲ್ಲಿ ಕೂತದ್ದು ಅದೇ ಮೊದಲು.

‘ಶಿವಲಿಂಗಯ್ಯ, ಬೀಗರಾದ ಮೇಲೆ ನಿಮ್ಮನ್ನ ಆ ಸ್ಟೂಲ್ ಮೇಲೆ ಕೂರಿಸಕ್ಕಾಗ್ತದಾ? ಮ್ಯಾನೇಜರ್ ಆಗಿ. ಕಂಪ್ಯೂಟರ್ ಬರ್ತಾ ಇದೆ, ಮೊಳೆ ಕೆಲಸದೋರೆಲ್ಲ ಹೋಗ್ತಾರೆ. ನೀವು ಉಳೀತೀರಿ.’

ಮ್ಯಾನೇಜರ ಕುರ್ಚಿಗೆ ಬೆನ್ನಿತ್ತು, ಕೈಯಿತ್ತು, ಅದರ ಮೇಲೆ ಹಸಿರು ಟರ್ಕಿ ಟವೆಲ್ ಹಾಸಿತ್ತು. ತುಪ್ಪದ ಗಿಂಡಿ ನನ್ನ ಎಲೆಯ ಮುಂದೆ ನಿಂತ ಹಾಗಾಯಿತು.

ಆಮೇಲೆ ಮಾಡಿದ್ದನ್ನು ಹೇಳಲು ಇಷ್ಟು ಸುತ್ತಿ ಬಳಸಿ ಬಂದೆ. ಉಪಾಯಕ್ಕೆ ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಅದು ಆ ಎರಡು ಅಧ್ಯಾಯಗಳಲ್ಲಿ ಅಚ್ಚಾಗಿ ಸಿದ್ಧವಾಗಿತ್ತು. ಮಕ್ಕಳು ನನ್ನ ಗೈಡು ನೋಡಿ ಬರೆದರೆ, ನಾನು ಆ ಸಂಗೀತ ಮೇಷ್ಟ್ರನ್ನು ನೋಡಿ ಬರೆದೆ.

ಉದಯಗಿರಿಗೆ ಹೋಗಿ ಮಾದೇವನನ್ನು ಲೇತಿನಿಂದ ಈಚೆಗೆ ಕರೆದು, ‘ಗಿರಿಜೆಗೆ ದೊಡ್ಡ ಮನೆ ಸಂಬಂಧ ಬಂದಿದೆ. ಅವಳೇ ಒಪ್ಪಿದ್ದಾಳೆ. ದುಡ್ಡಿನ ಮುಂದೆ ಏನು ಹೇಳೋಣ ಹೇಳು’ ಅಂದೆ. ಅವನು ಕೈಯ ಬಟ್ಟೆಯಲ್ಲಿ ಬೆರಳು ಒರೆಸುತ್ತಲೇ ಇದ್ದ. ಒರೆಸಿದ ಬೆರಳನ್ನೇ ಮತ್ತೆ ಒರೆಸಿದ. ‘ಆಯ್ತು ಅಯ್ನೋರೇ’ ಅಂದ. ಮನೆಗೆ ಬಂದು ಗಿರಿಜೆಗೆ, ‘ಮಾದೇವ ಆಗಲ್ಲ ಅಂದ ಕಣಮ್ಮ. ಊರಲ್ಲಿ ಸೋದರಮಾವನ ಮಗಳನ್ನ ಗೊತ್ತು ಮಾಡಿದ್ದಾರಂತೆ’ ಅಂದೆ. ಅವಳು ಒಳಗೆ ಹೋಗಿ ಒಗೆದ ಬಟ್ಟೆ ಮಡಿಸುತ್ತಾ ಕೂತಳು. ಹೇಮಲತೆಯ ಕಥೆಯನ್ನು ನನಗೆ ಓದಿಸಿದವಳಿಗೆ ಅನುಮಾನ ಬರಬಾರದೇ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಪುಸ್ತಕದ ಅಪ್ಪನನ್ನು ಅನುಮಾನಿಸಬಹುದು. ಗೋಂದು ಹಚ್ಚಿಕೊಟ್ಟ ಅಪ್ಪನನ್ನು ಹೇಗೆ ಅನುಮಾನಿಸುವುದು? ಗಿರಿಜೆಯೇ ದೊಡ್ಡ ಮನೆ ಒಪ್ಪಿದಳು ಎಂದು ಮಾದೇವನಿಗೆ ಹೇಳಿದ್ದನ್ನೇ ಗೌರಮ್ಮನಿಗೂ ಹೇಳಿದೆ. ಅವಳು ನಂಬದೆ ಒಳಗೆ ಹೋಗಿ, ‘ಮಾದೇವನ್ನ ಬೇಡ ಅಂದ್ಯಂತೆ, ನಿಜವಾ?’ ಎಂದು ಕೇಳಿದಳು. ಬೇಡವೆನಿಸಿಕೊಂಡೆ ಎಂದು ತಾಯಿಯ ಎದುರು ಹೇಳುವುದು ಗಿರಿಜೆಗೆ ಆಗಲಿಲ್ಲ. ‘ಹೂಂ’ ಅಂದಳು.

ಆ ಒಂದು ಹೂಂ ನನ್ನನ್ನು ಕಾಪಾಡಿತು.

ಮದುವೆ ಜೋರಾಗಿ ಆಯಿತು. ನನಗೆ ಕುರ್ಚಿ ಬಂತು. ಕೆಲಸ ಏನೂ ಇರಲಿಲ್ಲ. ಕಂಪ್ಯೂಟರಿನ ಹುಡುಗಿಯರು ತಮ್ಮ ತಪ್ಪನ್ನು ತಾವೇ ಮಾಡಿ ತಾವೇ ತಿದ್ದಿಕೊಳ್ಳುತ್ತಿದ್ದರು. ಅಳಿಯ ಕೆಟ್ಟವನಲ್ಲ. ಹೆಂಡತಿಯನ್ನು ಒಂದು ಮಾತೂ ಆಡಿದವನಲ್ಲ, ಅಂದರೆ ಒಳ್ಳೆಯ ಮಾತನ್ನೂ ಆಡಿದವನಲ್ಲ. ಆ ಮನೆಯಲ್ಲಿ ಕಾಗದದ ರೀಮುಗಳು ತಾರಸಿ ಮುಟ್ಟುವಂತೆ ಇದ್ದವು, ಓದುವ ಪುಸ್ತಕ ಒಂದೂ ಇರಲಿಲ್ಲ. ನಾನು ಹೋದಾಗ ಗಿರಿಜೆ ಬೆಳ್ಳಿ ಲೋಟದಲ್ಲಿ ಹಾಲು ತಂದಿಡುತ್ತಿದ್ದಳು. ‘ಚೆನ್ನಾಗಿದ್ದೀಯಮ್ಮಾ?’ ಅಂದರೆ, ‘ಚೆನ್ನಾಗಿದ್ದೀನಪ್ಪ.’ ಅಷ್ಟೇ ಸಂಭಾಷಣೆ, ವರ್ಷಗಟ್ಟಲೆ.

ಇತ್ತ ಮೊಹಲ್ಲಾದಲ್ಲಿ ಪಕ್ಕದ ಮನೆಯ ಪುಟ್ಟತಾಯಮ್ಮ, ‘ನಿಮ್ಮ ಗಿರಿಜೆ ಬಲು ಚುರುಕು ಕಣಪ್ಪ. ಗ್ರೀಸಿನ ಕೈ ಬುಟ್ಟು ಬಂಗಾರದ ಕೈ ಇಡ್ಕೊಂಡ್ಲು’ ಅಂದರು. ನಾನು ನಕ್ಕೆ. ನಗಬಾರದಾಗಿತ್ತು. ಅವಳ ಜೊತೆ ಓದಿದ ಹುಡುಗಿಯರು ಇನ್ನೂ ಮುಂದೆ ಹೋದರು. ಗೈಡು ಬಾಯಿಪಾಠವಾಗಿದ್ದವರು ತಾನೆ? ಗಿರಿಜೆ ಹಬ್ಬಕ್ಕೆ ಬಂದು ಕಾರಿನಿಂದ ಇಳಿದರೆ, ಕಿಟಕಿಯ ಹಿಂದಿನಿಂದ ಒಬ್ಬಳು, ‘ಹೇಮಲತೆ ಬಂದ್ಲು ಕಣೇ’ ಎನ್ನುವುದು, ಇನ್ನೊಬ್ಬಳು, ‘ತಕ್ಕಡಿ ತಂದಿದ್ದಾಳಾ ನೋಡು’ ಎನ್ನುವುದು. ನನ್ನ ಗಂಟೆ ಬಾರಿಸುವ ವಾಕ್ಯ ನನ್ನ ಮಗಳ ಬೆನ್ನಿಗೆ ಅಂಟಿಕೊಂಡಿತ್ತು. ಅದು ಸುಳ್ಳು ಎಂದು ಬಲ್ಲವನು ಬೀದಿಯಲ್ಲಿ ನಾನೊಬ್ಬನೇ. ನಾನು ಬಾಯಿ ಬಿಡಲಿಲ್ಲ. ಗಿರಿಜೆ ಬರುವುದನ್ನು ಕಡಿಮೆ ಮಾಡಿದಳು.

ಗೌರಮ್ಮ ಮಗಳ ಮೇಲೆ ಕೂಗಾಡಲಿಲ್ಲ. ಸುಮ್ಮನೆ ತಣ್ಣಗಾದಳು. ‘ನನ್ನ ಹೊಟ್ಟೇಲಿ ಹುಟ್ಟಿದ್ದು ಹಿಂಗಾಯ್ತಲ್ಲ’ ಎಂದು ಒಂದೇ ಸಲ ಅಂದಿದ್ದಳು. ಅವಳಿಗೆ ಜಡ್ಡಾಗಿ ಆಸ್ಪತ್ರೆಯಲ್ಲಿ ಮಲಗಿದ್ದಾಗ ಗಿರಿಜೆ ದಿನವೂ ಬಂದು ತಲೆ ಬಾಚುತ್ತಿದ್ದಳು. ಒಂದು ದಿನ ತನ್ನ ಕೈಯಲ್ಲಿದ್ದ ಚಿನ್ನದ ಬಳೆ ತೆಗೆದು ತಾಯಿಯ ಕೈಗೆ ತೊಡಿಸಲು ಹೋದಳು. ಆಸೆಗೆ, ಅಷ್ಟೇ, ಅಮ್ಮನ ಕೈ ಬರಿದಾಗಿದೆ ಎಂದು. ಗೌರಮ್ಮ ಕೈ ಎಳೆದುಕೊಂಡು ಗೋಡೆಯ ಕಡೆ ತಿರುಗಿದಳು. ‘ಬೇಡ. ಅದಕ್ಕೋಸ್ಕರಾನೇ ಹೋದ್ಯಲ್ಲ, ನಿನ್ನತ್ರಾನೇ ಇರ್ಲಿ’ ಅಂದಳು. ಬಳೆ ಗಿರಿಜೆಯ ಬೆರಳ ತುದಿಯಲ್ಲೇ ಉಳಿಯಿತು. ನಾನು ಮಂಚದ ಇನ್ನೊಂದು ಕಡೆ ಸ್ಟೂಲಿನ ಮೇಲೆ ಕೂತಿದ್ದೆ. ಹೇಳಿಬಿಡಬೇಕೆಂದು ಸ್ಟೂಲನ್ನು ಮಂಚದ ಹತ್ತಿರಕ್ಕೆ ಎಳೆದುಕೊಂಡೆ. ಆಗಲೇ ನರ್ಸ್ ಒಳಗೆ ಬಂದರು. ಅವರು ಹೋದಮೇಲೆ ಹೇಳೋಣ ಎಂದುಕೊಂಡೆ. ಅವರು ಹೋದರು. ಮಾರನೆಯ ವಾರ ಗೌರಮ್ಮನೂ ಹೋದಳು.

ಅವಳ ಕಾರ್ಡಿನ ತಪ್ಪು ತಿದ್ದಿದೆ ಎಂದೆನಲ್ಲ, ಅದು ಆಗಲೇ.

ಕಳೆದ ಕಾರ್ತೀಕದಲ್ಲಿ ಪುಟ್ಟತಾಯಮ್ಮನ ಮೊಮ್ಮಗಳ ಮದುವೆ. ಕಾರ್ಡಿನಲ್ಲಿ ತಪ್ಪು ಹುಡುಕಿ ಗುರುತು ಹಾಕಿಯೇ ಛತ್ರಕ್ಕೆ ಹೋದೆ. ಗಿರಿಜೆಯೂ ಬಂದಿದ್ದಳು. ಕಿವಿಯ ಹತ್ತಿರ ಕೂದಲು ನರೆತಿದೆ. ಊಟದ ಪಂಕ್ತಿಯಲ್ಲಿ ನನ್ನ ಹಿಂದಿನ ಸಾಲಿನಲ್ಲಿದ್ದ ಹೆಂಗಸೊಬ್ಬಳು ತನ್ನ ಮಗಳಿಗೆ ತೋರಿಸಿ, ‘ಅಲ್ಲಿ ನೋಡು, ನೀಲಿ ಸೀರೆ. ಅವಳೇ ಹೇಮಲತೆ’ ಅಂದಳು. ಆ ಹುಡುಗಿ, ‘ಅವರ ಹೆಸರೇ ಹೇಮಲತೆನಾ ಅಮ್ಮ?’ ಅಂದಳು. ‘ಹೂಂ ಕಣೇ’ ಎಂದು ತಾಯಿ ನಕ್ಕಳು. ಕಾದಂಬರಿ ಪಠ್ಯದಿಂದ ಹೋಗಿ ಎಷ್ಟೋ ಕಾಲವಾಯಿತು, ಅಚ್ಚುಕೂಟ ಮುಚ್ಚಿತು, ಸಾಹುಕಾರರು ತೀರಿಕೊಂಡರು. ವಾಕ್ಯ ಮಾತ್ರ ಇನ್ನೊಂದು ತಲೆಮಾರಿಗೆ ದಾಟುತ್ತಿತ್ತು. ಎಲೆಗೆ ತುಪ್ಪ ಬಡಿಸಲು ಬಂದವನಿಗೆ ಕೈ ಅಡ್ಡ ಹಿಡಿದೆ.

ಮರುದಿನ ಉದಯಗಿರಿಗೆ ಹೋದೆ. ಮಾದೇವನಿಗೆ ಈಗ ಸ್ವಂತ ಷಾಪು. ಹೊಟ್ಟೆ ಬಂದಿದೆ, ಕನ್ನಡಕ ಬಂದಿದೆ. ಮನೆಯಾಕೆ ಟೀ ತಂದುಕೊಟ್ಟು ಒಳಗೆ ಹೋದರು. ಲೇತಿನ ಸದ್ದಿನ ನಡುವೆ ಎಲ್ಲ ಹೇಳಿದೆ. ಅವನು ಮಿಷನ್ ನಿಲ್ಲಿಸಿದ. ಸದ್ದು ನಿಂತಮೇಲೆ ನನ್ನ ಕೊನೆಯ ಮಾತು ಬಹಳ ಜೋರಾಗಿ ಕೇಳಿಸಿತು.

‘ನಾನು ಆವತ್ತು ಪೂರ್ತಿ ನಂಬಿರ್ಲಿಲ್ಲ ಅಯ್ನೋರೇ’ ಅಂದ ಮಾದೇವ. ‘ಅವರು ಅಂಗಲ್ಲ ಅಂತ ಒಂದು ಮನಸ್ಸು ಹೇಳ್ತಾನೇ ಇತ್ತು. ಆದ್ರೆ ನಮ್ಮವ್ವ ಬೇರೆ ಊರಲ್ಲಿ ಬ್ಯಾಡ ಬ್ಯಾಡ ಅಂತಿದ್ಲು. ನಂಬ್ಬುಟ್ರೆ ಸಲೀಸಾಗಿತ್ತು. ನಂಬ್ಬುಟ್ಟೆ.’ ಕನ್ನಡಕ ತೆಗೆದು ಒರೆಸುತ್ತಾ, ‘ಆ ರಾಘವನ್ನ ಬೆಪ್ಪು ಅಂದಿದ್ದೆ ನಾನು, ನೆನಪೈತಾ?’ ಅಂದ.

ನೆನಪಿದೆ ಎಂದೆ.

‘ಅವರಿಗೆ ಹೇಳಿದ್ರಾ?’

‘ಇನ್ನೂ ಇಲ್ಲ.’

‘ಮತ್ತೆ ಇಲ್ಲಿಗ್ಯಾಕೆ ಮೊದಲು ಬಂದ್ರಿ? ನಾನು ಹೆಂಗೋ ಟೀ ಕೊಟ್ಟು ಕಳಿಸ್ತೀನಿ ಅಂತಾನಾ?’

ಸಿಟ್ಟಿನಿಂದ ಕೇಳಲಿಲ್ಲ. ನಾನು ಟೀ ಲೋಟ ಕೆಳಗಿಟ್ಟೆ. ಅವನು ಮತ್ತೆ ಮಿಷನ್ ಹಾಕಿದ.

ಹೇಳಲು ಇನ್ನೂ ಒಂದಷ್ಟು ವಾರ ತೆಗೆದುಕೊಂಡೆ. ಪುಷ್ಯ ಬಂದಿತ್ತು, ಊರೆಲ್ಲ ಅವರೆಕಾಯಿಯ ಸೊಗಡು. ಜಯಲಕ್ಷ್ಮಿಪುರಂನ ಮನೆಯ ಹಿತ್ತಲ ಬಿಸಿಲಲ್ಲಿ ಗಿರಿಜೆ ನೆನೆಸಿದ ಅವರೆಕಾಳು ಹಿದುಕುತ್ತಾ ಕೂತಿದ್ದಳು. ನಾನೂ ಪಕ್ಕದಲ್ಲಿ ಕೂತು ಒಂದು ಹಿಡಿ ತೆಗೆದುಕೊಂಡೆ. ಕಾಳನ್ನು ಎರಡು ಬೆರಳಲ್ಲಿ ಒತ್ತಿದರೆ ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಪುಳಕ್ಕನೆ ಪಾತ್ರೆಗೆ ಹಾರುತ್ತದೆ. ಮುಖ ನೋಡದೆ ಮಾತಾಡಲು ಒಳ್ಳೆಯ ಕೆಲಸ. ಅವಳ ಹತ್ತಿರ ಕೂತು ಒಂದೇ ಕೆಲಸಕ್ಕೆ ಕೈ ಹಾಕಿದ್ದು ಗೋಂದಿನ ಕಾಲದ ಮೇಲೆ ಅದೇ ಮೊದಲು. ಹೇಳಿದೆ.

ಅವಳ ಕೈ ನಿಲ್ಲಲಿಲ್ಲ.

‘ಅವರು ಬೇಡ ಅಂದ್ರು ಅಂತ ನೀವು ಹೇಳಿದ್ದು ಸುಳ್ಳು ಅಂತ ಗೊತ್ತಿತ್ತು’ ಅಂದಳು. ‘ಮದುವೆ ಆದ ವರ್ಷವೇ. ನೀವು ಆ ಕುರ್ಚಿ ಮೇಲೆ ಕೂತಿದ್ದು ನೋಡಿದ ದಿವಸ. ನಾನೂ ಆ ಪುಸ್ತಕ ಓದಿದ್ದೆ ಅಲ್ವಾ?’

‘ಯಾಕಮ್ಮ ಕೇಳಲಿಲ್ಲ?’

‘ಕೇಳಿ?’

ಒಂದಷ್ಟು ಬೇಳೆ ಪಾತ್ರೆಗೆ ಬಿದ್ದವು.

‘ಆದ್ರೆ ನಾನು ದುಡ್ಡು ಕೇಳ್ದೆ ಅಂತ ಅವರಿಗೆ ಹೇಳಿದ್ರಿ ಅಂತ ಗೊತ್ತಿರ್ಲಿಲ್ಲ. ಬೀದಿಯೋರು ತಾವೇ ಕಟ್ಟಿದ ಮಾತು ಅಂದ್ಕೊಂಡಿದ್ದೆ.’ ಆಮೇಲೆ ಏನೋ ಲೆಕ್ಕ ಹಾಕುವವಳ ಹಾಗೆ ತಲೆ ಎತ್ತಿ, ‘ಅಪ್ಪ, ಅಮ್ಮಂಗೆ ಏನು ಹೇಳಿದ್ರಿ?’ ಅಂದಳು.

ನಾನು ಕೈಯಲ್ಲಿದ್ದ ಕಾಳು ನೋಡಿದೆ.

‘ಅಮ್ಮಂಗೂ ಅದನ್ನೇ ಹೇಳಿದ್ರಾ?’

‘ಹೂಂ.’

ಈಗ ಅವಳ ಕೈ ನಿಂತಿತು. ಒದ್ದೆ ಬೆರಳುಗಳಿಂದ ತನ್ನ ಮುಂಗೈಯ ಬಳೆಯನ್ನು ಮೆಲ್ಲಗೆ ಹಿಂದಕ್ಕೆ ಸರಿಸಿದಳು, ಮುಂದಕ್ಕೆ ಸರಿಸಿದಳು. ಅದೇ ಬಳೆ.

‘ನಾನು ತೊಡಿಸೋವಾಗ ನೀವು ಅಲ್ಲೇ ಕೂತಿದ್ರಿ’ ಅಂದಳು.

ಕ್ಷಮಿಸು ಎಂದು ಹೇಳಲು ಹೊರಟೆ. ಅವಳು ಕೇಳಿಸಿಕೊಳ್ಳದವಳಂತೆ ಪಾತ್ರೆ ಎತ್ತಿಕೊಂಡು ಎದ್ದಳು. ಹಿತ್ತಲ ಬಾಗಿಲ ಹತ್ತಿರ ನಿಂತು, ತಿರುಗದೆಯೇ ಅಂದಳು: ‘ನಂಗೆ ಹೇಳಿ ಏನು ಬಂತಪ್ಪ? ಅಚ್ಚಾಗಿದ್ದನ್ನ ಬಾಯಲ್ಲಿ ತಿದ್ದಕ್ಕಾಗಲ್ಲ ಅಂತ ನೀವೇ ಹೇಳ್ತಿದ್ರಿ.’

ಒಳಗೆ ಹೋದಳು. ಹೇಮಲತೆ ಅಪ್ಪನ ಹೆಸರು ಹೇಳಲಿಲ್ಲ. ಗಿರಿಜೆಯೂ ಇಷ್ಟು ವರ್ಷ ಹೇಳಲಿಲ್ಲ. ಇನ್ನು ಹೇಳಬೇಕಾದವನು ನಾನು. ಸಿಪ್ಪೆಗಳನ್ನು ಗುಡ್ಡೆ ಮಾಡಿ ಗಿಡದ ಬುಡಕ್ಕೆ ಹಾಕಿ, ಗೇಟು ಹಾಕಿಕೊಂಡು ಬಂದೆ. ಆಮೇಲೆ ಅವಳು ನನ್ನನ್ನು ಕರೆದಿಲ್ಲ. ನಾನೂ ಹೋಗಿಲ್ಲ.

ಅದಕ್ಕೇ ಇದನ್ನು ಬರೆದು ಅಚ್ಚಿಗೆ ಕೊಡುತ್ತಿದ್ದೇನೆ. ಲಷ್ಕರ್ ಮೊಹಲ್ಲಾದ ಯಾರ ಮನೆಯ ಅಟ್ಟದ ಮೇಲಾದರೂ ಆ ಹಳೆಯ ಗೈಡು ಉಳಿದಿದ್ದರೆ, ದಯವಿಟ್ಟು ಕೆಳಗಿನ ಸಾಲುಗಳನ್ನು ಕತ್ತರಿಸಿ ಅದರ ಕೊನೆಯ ಪುಟಕ್ಕೆ ಅಂಟಿಸಿಕೊಳ್ಳಿ. ಗೋಂದು ನಿಮ್ಮದೇ ಆಗಬೇಕು. ನನಗೆ ಹಚ್ಚಿಕೊಡುತ್ತಿದ್ದವಳು ಈಗ ನನ್ನ ಪಕ್ಕ ಕೂರುವುದಿಲ್ಲ.

ತಪ್ಪು: ಅಸಹಾಯಕನಾದ, ಪುತ್ರಿವತ್ಸಲನಾದ ತಂದೆ.
ಒಪ್ಪು: ಮಗಳ ಹೆಸರು ಕೊಟ್ಟು ತನಗೊಂದು ಆಸನ ತೆಗೆದುಕೊಂಡವನು.

ತಪ್ಪು: ಗಿರಿಜೆ ದುಡ್ಡು ನೋಡಿ ಹೋದಳು.
ಒಪ್ಪು: ದುಡ್ಡು ನೋಡಿದವನು ಅವಳ ಅಪ್ಪ.